ಚಪ್ಪರ ಕಾಯ್ದ ಪೈಲ್ವಾನ

ಹೊಸಪೇಟೆಯಿಂದ ಹೊರಟ ರೈಲು ಗಾದಿಗನೂರು, ತೋರಣಗಲ್ಲು ದಾಟಿ ಬಳ್ಳಾರಿ ಸೇರುತ್ತದೆ. 1953ರ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಸಂತೆಗೋ ಕೋರ್ಟು ಕಚೇರಿಗೋ ಹೊರಟವರಿಗೆ, ತಾವು ಇಳಿಯಲಿರುವ ಊರು ಯಾವ ರಾಜ್ಯದ ಪಾಲಾಗುತ್ತದೆಂದು ತಿಳಿದಿರಲಿಲ್ಲ. ಗಾದಿಗನೂರು ಇದ್ದ ಹೊಸಪೇಟೆ ತಾಲ್ಲೂಕು ಮೈಸೂರಿಗೆ ಎಂದು ಆಗಲೇ ತೀರ್ಮಾನವಾಗಿತ್ತು. ಜಿಲ್ಲಾ ಕೇಂದ್ರವಾದ ಬಳ್ಳಾರಿಯದೇ ಇತ್ಯರ್ಥವಾಗಿರಲಿಲ್ಲ.

ನಿಜಾಮ 1800ರಲ್ಲಿ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದರಾಸಿನ ಆಡಳಿತಕ್ಕೆ ಸೇರಿತ್ತು. ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕೆಂದು ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು; ಆಂಧ್ರ ರಾಜ್ಯದ ಘೋಷಣೆ ತಡವಾಗಲಿಲ್ಲ. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಚಾರಣೆಯನ್ನು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಗೆ ಒಪ್ಪಿಸಲಾಯಿತು. ಅದು ಮೈಸೂರಿಗೆ ಸೇರಬೇಕೆಂದು ಅವರು ವರದಿ ಕೊಟ್ಟರು. 1953ರ ಅಕ್ಟೋಬರ್ 1ಕ್ಕೆ ವಿಲೀನ. ಬಳ್ಳಾರಿಯಲ್ಲಿ ವಿಜಯೋತ್ಸವಕ್ಕೆ ಚಪ್ಪರ ಎದ್ದಿತು.

ಕನ್ನಡ, ತೆಲುಗು ಎರಡೂ ಕಡೆಯ ಬಿಸಿ ಆರಿರಲಿಲ್ಲ. ಚಪ್ಪರಕ್ಕೆ ಯಾರಾದರೂ ಕಿಚ್ಚಿಟ್ಟಾರು ಎಂಬ ಅಂಜಿಕೆ ಇತ್ತು. ಸೆಪ್ಟೆಂಬರ್ 30ರ ರಾತ್ರಿ ಅದನ್ನು ಕಾಯಲು ನಿಂತವರಲ್ಲಿ ಪೈಲ್ವಾನ್ ಪಿಂಜಾರ ರಂಜಾನ್ ಸಾಬ್ ಒಬ್ಬರು. ಪಿಂಜಾರರು ಹತ್ತಿ ಹಿಂಜಿ ಗಾದಿ ತುಂಬುವ ಕಸುಬಿನವರು. ಎರೆಹೊಲದ ಈ ಹತ್ತಿಯ ಸೀಮೆಯಲ್ಲಿ ಅವರಿಲ್ಲದ ಊರು ಅಪರೂಪ. ರಂಜಾನ್ ಸಾಬ್ ಮಂತ್ರಿಯಲ್ಲ, ವಕೀಲರಲ್ಲ, ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಲ್ಲ. ಗರಡಿಯಲ್ಲಿ ಸಾಮು ಮಾಡಿದ ಮೈಯೇ ಬಳ್ಳಾರಿ ಮೈಸೂರಿಗೆ ಸೇರಬೇಕೆಂಬ ಚಳವಳಿಗೆ ಅವರು ಕೊಡಬಹುದಾಗಿದ್ದ ಕಾಣಿಕೆ. ಆ ಮೈಯ ಮೇಲೆ ದುಷ್ಕರ್ಮಿಗಳು ಆಸಿಡ್ ತುಂಬಿದ ಬಲ್ಬುಗಳನ್ನು ಎಸೆದರು. ಅವರು ಉಳಿಯಲಿಲ್ಲ.

ವರದಿಗಳು, ಸಂಸತ್ತಿನ ಚರ್ಚೆ, ಗಡಿಯ ನಕ್ಷೆಗಳು ಕಡತಗಳಲ್ಲಿ ಭದ್ರವಾಗಿವೆ. ಈ ಮನುಷ್ಯನ ಬಾಳಿನಲ್ಲಿ ಚರಿತ್ರೆ ಎತ್ತಿಟ್ಟುಕೊಂಡದ್ದು ಮಾತ್ರ ಒಂದೇ ಒಂದು ರಾತ್ರಿಯನ್ನು. ಇದು ನನಗೆ ಬಹಳ ನೋವಿನ ಸಂಗತಿ. ಕನ್ನಡ, ತೆಲುಗು, ಉರ್ದು ಮೂರೂ ಕಲೆತ ಊರಿನಲ್ಲಿ ಕನ್ನಡದ ಚಪ್ಪರ ತನ್ನದೆಂದು ನಿಂತ ಆ ನಿಲುವು ಅಂದು ಒಮ್ಮೆಲೇ ಹುಟ್ಟಿದ್ದಿರಲಾರದು; ಅದರ ಹಿಂದೆ ಗರಡಿ, ಓಣಿ, ಗೆಳೆತನಗಳ ವರ್ಷಗಳೇ ಇರಬೇಕು.

ಕರ್ನಾಟಕದ ಉಳಿದ ಭಾಗಗಳು ಒಂದಾದದ್ದು 1956ರ ನವೆಂಬರ್ 1ರಂದು. ಬಳ್ಳಾರಿಯದು ಅದಕ್ಕೂ ಮೂರು ವರ್ಷ ಹಿಂದಿನ ಮಾತು. ಈಗ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. 2021ರಲ್ಲಿ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿದೆ. ಆದರೂ ಅಕ್ಟೋಬರ್ 1 ಗಾದಿಗನೂರಿನ ಶಾಲೆಯ ಮಕ್ಕಳಿಗೂ ಸೇರಿದ ದಿನ. ಅಂದು ಅವರಿಗೆ ರಂಜಾನ್ ಸಾಬರ ಹೆಸರನ್ನು ಹೇಳಿಕೊಡಬೇಕು.