ನಡಾವಳಿ ಪುಸ್ತಕದ ಕೆಂಪು ಶಾಯಿ

ಬಯಲುಸೀಮೆಯ ಕೊಳವೆಬಾವಿ ನೀರಿನ ಪರೀಕ್ಷಾ ವರದಿ ಎಂದಾದರೂ ಕೈಗೆ ಬಂದರೆ ಅದರ ‘ವಿಧಾನ’ ಎಂಬ ಅಂಕಣದ ಮೇಲೊಮ್ಮೆ ಕಣ್ಣಾಡಿಸಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಎಂಬ ಸಾಲುಗಳ ಎದುರು ಹಲವು ವರದಿಗಳಲ್ಲಿ ‘ಎಪಿಎಚ್‌ಎ’ ಎಂದು ಅಚ್ಚಾಗಿರುತ್ತದೆ. ನಾನು ಅದನ್ನು ಮೊದಲು ಗಮನಿಸಿದ್ದು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ, ಪಾವಗಡದ ಕಡೆಯ ಹಳ್ಳಿಯೊಂದರಿಂದ ತಂದ ನೀರನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದಲ್ಲಿ. ತಂತ್ರಜ್ಞರು ನೀರಿನ ಮಾದರಿಗೆ ಕೆಂಪು ದ್ರಾವಣ ಬೆರೆಸುತ್ತಿದ್ದರು. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಎಂಬುದನ್ನು ಯಂತ್ರ ಅಳೆದು ಅಂಕಿ ಕೊಡುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವೆಂದಾದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ದೊಡ್ಡವರ ಕೀಲು ಬಿಗಿದು ಬೆನ್ನು ಬಾಗುತ್ತದೆ.

‘ಎಪಿಎಚ್‌ಎ ಅಂದ್ರೇನು?’ ಎಂದು ಕೇಳಿದೆ. ‘ಅಮೆರಿಕದ್ದೊಂದು ಸಂಘ ಮೇಡಂ. ಈ ಪುಸ್ತಕ ಅವರದೇ’ ಎಂದು ದಿಂಬಿನಷ್ಟು ದಪ್ಪದ ಪುಸ್ತಕ ತೋರಿಸಿದರು.

ಅಮೆರಿಕನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್. ನೀರು ಪರೀಕ್ಷಿಸುವ ವಿಧಾನಗಳ ಕುರಿತ ಅದರ ಮೊದಲ ಪುಸ್ತಕ ಬಂದದ್ದು 1905ರಲ್ಲಿ. ಆಗ ಒಂದೊಂದು ಊರಿನ ಪ್ರಯೋಗಾಲಯ ಒಂದೊಂದು ರೀತಿ ಪರೀಕ್ಷಿಸುತ್ತಿತ್ತು. ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯೊಡನೆ ಹೋಲಿಸುವಂತಿರಲಿಲ್ಲ. ಸಂಘದ ಸದಸ್ಯರೇ ಸಮಿತಿ ಕಟ್ಟಿಕೊಂಡು ಕೂತರು. ಈಗ ಬೇರೆರಡು ಸಂಘಗಳೂ ಕೈಜೋಡಿಸಿವೆ, 24ನೇ ಆವೃತ್ತಿ ಹೊರಬಂದಿದೆ. ಒಂದೊಂದು ವಿಧಾನವನ್ನೂ ಯಾರೋ ಕರಡು ಬರೆದು, ಇನ್ಯಾರೋ ತಿದ್ದಿ, ಸಮಿತಿ ಮತ ಹಾಕಿ ಒಪ್ಪಬೇಕು. ಇದನ್ನು ಮಾಡುವ ನೂರಾರು ಜನ ತಮ್ಮ ನೌಕರಿಯ ಕೆಲಸ ಮುಗಿಸಿ ಸಂಜೆಯ ಹೊತ್ತಿನಲ್ಲಿ, ರಜಾದಿನಗಳಲ್ಲಿ, ಸಂಬಳವಿಲ್ಲದೆ ಮಾಡುವವರು. ಹೊಸಬರು ಹಳಬರ ಪಕ್ಕದಲ್ಲಿ ಕೂತು ಒಂದು ವಾಕ್ಯವನ್ನು ಹೇಗೆ ಬರೆದರೆ ಯಾವ ಊರಿನ ತಂತ್ರಜ್ಞನೂ ತಪ್ಪು ತಿಳಿಯಲಾರ ಎಂಬುದನ್ನು ಕಲಿಯುತ್ತಾರೆ. ಹಾಗೆ ಕಲಿತವರ ಬರಹ ನಮ್ಮ ಜಿಲ್ಲೆಗಳ ಪ್ರಯೋಗಾಲಯದ ಮೇಜಿನವರೆಗೂ ಬಂದಿದೆ.

ಸಂಘದ ಕೆಲಸ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ವರ್ಷಕ್ಕೊಂದು ಸಮ್ಮೇಳನ, ಶಾಲು, ಹಾರ, ಮಧ್ಯಾಹ್ನದ ಊಟ. ನಾನೂ ಹಾಗೇ ಅಂದುಕೊಂಡಿದ್ದೆ, ಓದು ಮುಗಿಸಿ ಸಮುದಾಯ ಆರೋಗ್ಯದ ವೃತ್ತಿ ಸಂಘವೊಂದರ ಜಿಲ್ಲಾ ಶಾಖೆಗೆ ಸೇರುವವರೆಗೆ. ಅಲ್ಲಿನ ಕಾರ್ಯದರ್ಶಿ ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕವನ್ನು ನನ್ನ ಮುಂದೆ ತಳ್ಳಿ, ‘ನೋಡಮ್ಮ, ಇವತ್ತಿಂದ ನೀನು ಬರಿ’ ಎಂದರು. ಮನೆಗೆ ಹೋಗಿ ಮೂರು ಪುಟ ಬರೆದೆ. ನಾಲ್ಕನೇ ದಿನ ಅದು ಕೆಂಪು ಶಾಯಿ ತುಂಬಿಕೊಂಡು ವಾಪಸ್ ಬಂತು. ‘ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಯಿತು’ ಎಂದು ನಾನು ಬರೆದಲ್ಲೆಲ್ಲ ಅಡಿಗೆರೆ. ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ ಮೂರು ಪ್ರಶ್ನೆ: ಏನು ತೀರ್ಮಾನ ಆಯ್ತು? ಯಾರು ಮಾಡಬೇಕು? ಯಾವತ್ತಿಗೆ?

ಏಳೆಂಟು ಸಭೆಗಳವರೆಗೆ ಅದೇ ಕೆಂಪು. ಆಮೇಲೆ ಕಡಿಮೆಯಾಯಿತು. ಅಷ್ಟರಲ್ಲಿ ಬರವಣಿಗೆಯ ಜೊತೆಗೆ ಸಭೆಯೂ ಬದಲಾಗಿತ್ತು. ಮೂರನೇ ಪ್ರಶ್ನೆಗೆ ಉತ್ತರ ಬರೆಯಲೇಬೇಕಾದ್ದರಿಂದ ನಾನು ಎದ್ದುನಿಂತು ಹಿರಿಯ ಪ್ರಾಧ್ಯಾಪಕರನ್ನೂ ‘ಯಾವ ತಾರೀಕು ಸರ್?’ ಎಂದು ಕೇಳತೊಡಗಿದ್ದೆ. ಒಮ್ಮೆ ನೀರಿನ ವಿಷಯವಾಗಿ ಅಧಿಕಾರಿಯೊಬ್ಬರನ್ನು ಕಾಣಲು ಹೋದಾಗ ಕಾರ್ಯದರ್ಶಿ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತಾಡಿದರು. ಹೊರಗೆ ಬಂದು, ‘ಮುಂದಿನ ಸಲ ನೀನು ಮಾತಾಡು, ನಾನು ಪಕ್ಕದಲ್ಲಿರ್ತೀನಿ’ ಎಂದರು. ಹಾಗೇ ಮಾಡಿದರು ಕೂಡ. ನನ್ನ ಅಂಕಿ ಒಂದು ಕಡೆ ತಪ್ಪಿದಾಗಲೂ ಬಾಯಿ ಹಾಕದೆ, ಸರಿಯಾದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೇಜಿನಡಿ ದಾಟಿಸಿದರು. ಅವಧಿ ಮುಗಿದ ದಿನ ಕಡತ, ಬೀಗದ ಕೈ, ಬ್ಯಾಂಕಿನ ಪಾಸ್‌ಬುಕ್ ಕೊಟ್ಟು ಮೂರನೇ ಸಾಲಿಗೆ ಹೋಗಿ ಕೂತರು.

ಮೂರನೇ ಸಾಲಿಗೆ ಹೋಗಿ ಕೂರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಬ್ಬರೇ ಹತ್ತು ಹದಿನೈದು ವರ್ಷ ಕುರ್ಚಿ ಬಿಡದ ಸಂಘಗಳನ್ನು ನೋಡಿದ್ದೇನೆ. ಅಲ್ಲಿ ಕಿರಿಯರಿಗೆ ಸಿಗುವುದು ಬ್ಯಾನರ್ ಕಟ್ಟುವ ಕೆಲಸ, ಅತಿಥಿಗಳನ್ನು ರೈಲ್ವೆ ನಿಲ್ದಾಣದಿಂದ ಕರೆತರುವ ಕೆಲಸ. ಅಂಥ ಕಡೆ ಎರಡು ವರ್ಷ ದುಡಿದ ಹುಡುಗ ಮೂರನೇ ವರ್ಷ ಚಂದಾ ಕಟ್ಟುವುದಿಲ್ಲ.

ಎಪಿಎಚ್‌ಎ ಕಟ್ಟಿದ ಡಾ. ಸ್ಟೀಫನ್ ಸ್ಮಿತ್ ಶಸ್ತ್ರವೈದ್ಯ. ನ್ಯೂಯಾರ್ಕಿನ ಬಾಡಿಗೆ ವಠಾರವೊಂದರಿಂದಲೇ ಟೈಫಸ್ ರೋಗಿಗಳು ಒಬ್ಬರ ಹಿಂದೊಬ್ಬರು ಬರುತ್ತಿರುವುದನ್ನು ಕಂಡು ಆ ಮನೆಯನ್ನೇ ಹುಡುಕಿಕೊಂಡು ಹೋದವರು. ಮುಂದೆ 1860ರ ದಶಕದಲ್ಲಿ ಯುವ ವೈದ್ಯರನ್ನು ಒಂದೊಂದು ವಲಯಕ್ಕೆ ಕಳಿಸಿ, ಇಡೀ ನಗರವನ್ನು ಮನೆಮನೆ ಸಮೀಕ್ಷೆ ಮಾಡಿಸಿದರು. ಅದರ ಫಲವಾಗಿ 1866ರಲ್ಲಿ ನಗರಕ್ಕೆ ಆರೋಗ್ಯ ಮಂಡಳಿ ಬಂತು. 1872ರ ಏಪ್ರಿಲ್‌ನಲ್ಲಿ ಹತ್ತು ಜನ ಸೇರಿ ಸಂಘದ ಮಾತಾಡಿದಾಗ ಅವರೇ ಮುಂದಾಳು, ಅವರೇ ಮೊದಲ ಅಧ್ಯಕ್ಷ. ಕೆಲವೇ ವರ್ಷಗಳಲ್ಲಿ ಆ ಸ್ಥಾನ ಬೇರೆಯವರಿಗೆ ಹೋಯಿತು. 1921ರಲ್ಲಿ ಸಂಘ ನ್ಯೂಯಾರ್ಕಿನಲ್ಲಿ ಐವತ್ತರ ಹಬ್ಬ ಆಚರಿಸಿದಾಗ 98ರ ಮುದುಕರಾಗಿ ಬಂದು, ತಾವು ನೆಟ್ಟದ್ದನ್ನು ಬೇರೆಯವರು ಬೆಳೆಸಿದ್ದನ್ನು ಕಣ್ಣಾರೆ ಕಂಡರು. ಆ ಸಭಾಂಗಣವನ್ನು ನೆನೆದರೆ ನನಗೆ ಮೂರನೇ ಸಾಲೇ ಕಣ್ಣಿಗೆ ಬರುತ್ತದೆ.

ಆದರೆ ಅದೇ ಸಂಘ ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಹಿರಿಯರು ಕೈಹಿಡಿದು ನಡೆಸುವುದು ಸಾಮಾನ್ಯವಾಗಿ ತಮ್ಮಂತೆಯೇ ಇರುವವರನ್ನು, ಅದು ಎಲ್ಲ ದೇಶದ ರೂಢಿ. ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವೈದ್ಯ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಸಾರ್ವಜನಿಕ ಆರೋಗ್ಯ ಕಲಿಸಿದ ಡಾ. ಪಾಲ್ ಕಾರ್ನೆಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್, ವರ್ಷ 1934. ಎಪಿಎಚ್‌ಎಗೆ ಅವರು ಅಧ್ಯಕ್ಷರಾದದ್ದು 1960ರ ದಶಕದ ಕೊನೆಗೆ, ಸಂಘಕ್ಕೆ ನೂರು ತುಂಬುತ್ತಾ ಬಂದಾಗ. 1968ರಲ್ಲಿ ಕಪ್ಪು ಆರೋಗ್ಯ ಕಾರ್ಯಕರ್ತರು ಸಂಘದೊಳಗೇ ತಮ್ಮದೊಂದು ಗುಂಪು ಕಟ್ಟಿಕೊಂಡರು. ತಮ್ಮ ಕಿರಿಯರಿಗೆ ದಾರಿ ತೋರಲು ತಮ್ಮವರೇ ಬೇಕಾಯಿತು.

ನಮ್ಮ ದೇಶದಲ್ಲಿ ಇಂಡಿಯನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್ 1956ರಲ್ಲಿ ಹುಟ್ಟಿತು. ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರ ಸಂಘ ಐಎಪಿಎಸ್‌ಎಂ 1974ರಲ್ಲಿ. ಅದೇ ವರ್ಷ ಹುಟ್ಟಿದ ಮೆಡಿಕೋ ಫ್ರೆಂಡ್ ಸರ್ಕಲ್ ಎಂಬ ಬಳಗ ಇವಕ್ಕಿಂತ ಬೇರೆ ಥರದ್ದು. ಅಲ್ಲಿ ಇರುವುದು ಸಂಚಾಲಕರು, ಆ ಹೊಣೆ ಕೈಯಿಂದ ಕೈಗೆ ದಾಟುತ್ತದೆ. ಎಂಬತ್ತರ ದಶಕದ ನಡುವೆ ಅದು ಬೆಂಗಳೂರಿನ ಡಾ. ರವಿ ನಾರಾಯಣ್ ಅವರ ಹೆಗಲ ಮೇಲಿತ್ತು. 1984ರಲ್ಲಿ ಅವರೂ ಡಾ. ಥೆಲ್ಮಾ ನಾರಾಯಣ್ ಅವರೂ ವೈದ್ಯ ಕಾಲೇಜಿನ ನೌಕರಿ ಬಿಟ್ಟು ಕಮ್ಯುನಿಟಿ ಹೆಲ್ತ್ ಸೆಲ್ ಶುರುಮಾಡಿದ್ದರು. ಅದೇ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿತು. ಮರುವರ್ಷ ಮಾರ್ಚಿನಲ್ಲಿ ಈ ಬಳಗದವರು ಭೋಪಾಲಕ್ಕೆ ಹೋಗಿ, ಕಾರ್ಖಾನೆಗೆ ಹತ್ತಿರದ ಬಸ್ತಿಯನ್ನೂ ದೂರದ ಬಸ್ತಿಯನ್ನೂ ಹೋಲಿಸಿ, ಮನೆಮನೆ ಕೇಳಿ ಬರೆದರು. ಬೆಂಗಳೂರಿನ ಆ ಸೆಲ್ ಮುಂದೆ ಕಿರಿಯರಿಗೆ ಕಲಿಕೆಯ ಮನೆಯಾಯಿತು. ಅಲ್ಲಿ ಕೆಲಕಾಲ ಇದ್ದು ಹಳ್ಳಿಗಳಿಗೆ, ಕೊಳೆಗೇರಿಗಳಿಗೆ ಹೋದವರಲ್ಲಿ ವೈದ್ಯರಲ್ಲದವರೂ ಅನೇಕರು.

ವೈದ್ಯರಲ್ಲದವರು ಎಂಬ ಮಾತಿನಲ್ಲೇ ನನ್ನ ಸಂಕಟವಿದೆ. ಸಾರ್ವಜನಿಕ ಆರೋಗ್ಯವನ್ನು ದಿನವೂ ಮಾಡುವವರು ಎಎನ್‌ಎಂಗಳು, ಆಶಾಗಳು, ನೀರು ಪರೀಕ್ಷಿಸುವ ತಂತ್ರಜ್ಞರು. ಸಂಘದ ಸಭೆಗೆ ಅವರು ಬಂದರೆ ಹಿಂದೆ ನಿಂತಿರುತ್ತಾರೆ. ಯಾವ ಮನೆಯ ಮಗುವಿನ ಹಲ್ಲು ಕಂದಾಗಿದೆ ಎಂದು ಬಲ್ಲವರು ನಿಂತಿದ್ದಾರೆ, ಫ್ಲೋರೋಸಿಸ್ ಬಗ್ಗೆ ಪ್ರಬಂಧ ಓದುವ ನಾವು ಕೂತಿದ್ದೇವೆ. ಇದು ತಪ್ಪು. ಇದನ್ನು ನಾನು ಸಭೆಗಳಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಶಾಖೆಯಲ್ಲಿ ತಂತ್ರಜ್ಞರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ನಿರ್ಣಯವಾಯಿತು. ತಾಲ್ಲೂಕು ಪ್ರಯೋಗಾಲಯದ ಹುಡುಗಿಯೊಬ್ಬಳು ಸೇರಿದಳು. ನಡಾವಳಿ ಪುಸ್ತಕವನ್ನು ನಾನು ಅವಳ ಮುಂದೆ ತಳ್ಳಿದೆ. ‘ನನಗೆ ಇಂಥದ್ದೆಲ್ಲ ಬರೆದು ಗೊತ್ತಿಲ್ಲ ಮೇಡಂ’ ಎಂದಳು. ದಿನಾ ಪರೀಕ್ಷೆಯ ದಾಖಲೆ ಬರೆಯುವ ಕೈ ಅದು. ಎರಡನೇ ಸಭೆಯಿಂದಾಚೆ ನನ್ನ ಕೆಂಪು ಪೆನ್ನಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಕಳೆದ ತಿಂಗಳ ಸಭೆಯಲ್ಲಿ ಶಾಲೆಯೊಂದರ ಕೊಳವೆಬಾವಿಯ ಮಾತು ಬಂತು, ನೀರನ್ನು ಮತ್ತೆ ಪರೀಕ್ಷಿಸಬೇಕು ಎಂದು ಎಲ್ಲರೂ ತಲೆಯಾಡಿಸಿದರು. ಅವಳು ಬರೆಯುವುದು ನಿಲ್ಲಿಸಿ ತಲೆಯೆತ್ತಿದಳು. ‘ಯಾವತ್ತಿಗೆ ಅಂತ ಬರೀಲಿ?’ ಯಾರೂ ಮಾತಾಡಲಿಲ್ಲ. ಒಂದು ಗಳಿಗೆ ಕಾದು, ಯಾರು ಎಂಬಲ್ಲಿ ತನ್ನ ಹೆಸರನ್ನೂ ಯಾವತ್ತು ಎಂಬಲ್ಲಿ ಸೋಮವಾರ ಎಂದೂ ಬರೆದುಕೊಂಡಳು. ಸೋಮವಾರ ಬೆಳಗ್ಗೆ ಏಳೂವರೆಗೆ ಅವಳ ಫೋನು ಬಂತು; ಹಿನ್ನೆಲೆಯಲ್ಲಿ ಬಸ್ಸಿನ ಸದ್ದು. ಎರಡು ಲೀಟರಿನ ಕ್ಯಾನು ತಗೊಂಡಿದೀನಿ, ಸಾಕಲ್ವಾ ಮೇಡಂ ಎಂದು ಕೇಳಿದಳು.