ಲಾಲ್‌ಬಾಗಿಗೆ ಬರುವ ಹಿಮಾಲಯದ ಅತಿಥಿಗಳು

ಬೆಂಗಳೂರು: ಮಳೆಗಾಲ ಇನ್ನೂ ಮುಗಿದಿರುವುದಿಲ್ಲ, ಚಳಿಯ ಸುಳಿವೂ ಇರುವುದಿಲ್ಲ. ಆದರೂ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಲಾಲ್‌ಬಾಗಿನ ಪಕ್ಷಿ ವೀಕ್ಷಕರ ಕಣ್ಣು ನೀರಿನಂಚಿನ ಮೇಲಿರುತ್ತದೆ. ನಗರಕ್ಕೆ ಮೊದಲು ಬಂದಿಳಿಯುವ ವಲಸೆ ಹಕ್ಕಿಗಳಲ್ಲಿ ಒಂದಾದ ಬೂದು ಸಿಪಿಲೆಗಾಗಿ ಈ ನಿರೀಕ್ಷೆ. ಬೆನ್ನು ಬೂದು, ಬಾಲದ ಬುಡ ಹಳದಿ. ನಡೆಯುವಾಗಲೆಲ್ಲ ಬಾಲ ಕುಣಿಸುವುದರಿಂದ ಸಿಪಿಲೆಗಳಿಗೆ ‘ಕುಂಡೆಕುಸ್ಕ’ ಎಂಬ ಹೆಸರೂ ಉಂಟು.

ಇದರ ಬೆನ್ನಲ್ಲೇ ಹಸಿರು ಉಲಿಯಕ್ಕಿ ಬರುತ್ತದೆ. ಹತ್ತು ಗ್ರಾಂ ಕೂಡ ತೂಗದ ಈ ಹಕ್ಕಿ ಎಲೆಗಳ ನಡುವೆ ಕಾಣುವುದು ಕಷ್ಟ. ವೀಕ್ಷಕರು ಮೊದಲು ಅದರ ಚುರುಕು ಕೂಗನ್ನು ಕೇಳಿ, ಬಳಿಕ ದುರ್ಬೀನು ಎತ್ತುತ್ತಾರೆ.

ಈ ಎರಡೂ ಹಕ್ಕಿಗಳು ಹಿಮಾಲಯ ಹಾಗೂ ಅದರಾಚೆಯ ಪ್ರದೇಶಗಳಲ್ಲಿ ಮರಿ ಮಾಡುತ್ತವೆ. ಹಗಲು ಕಿರಿದಾಗುತ್ತಿದ್ದಂತೆ ಅವುಗಳ ದೇಹ ಪಯಣಕ್ಕೆ ಸಜ್ಜಾಗುತ್ತದೆ. ಚಳಿಗೆ ಹೆದರಿ ಓಡಿಬರುತ್ತವೆ ಎನ್ನುವುದಕ್ಕಿಂತ, ಉತ್ತರದಲ್ಲಿ ಹುಳುಹುಪ್ಪಟೆ ತೀರುವ ಮುನ್ನವೇ ಹೊರಡುತ್ತವೆ ಎನ್ನುವುದು ಸರಿ. ಉಲಿಯಕ್ಕಿಯಂತಹ ಚಿಕ್ಕ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರಿ, ಬೆಳಗಾಗುತ್ತಲೇ ಆಹಾರಕ್ಕಾಗಿ ಮರಗಳಿಗೆ ಇಳಿಯುತ್ತವೆ. ವೀಕ್ಷಣೆಗೆ ಮುಂಜಾವು ಪ್ರಶಸ್ತವೆನ್ನಲು ಇದೂ ಒಂದು ಕಾರಣ.

ಹೈದರ್ ಅಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು 240 ಎಕರೆಗಳಷ್ಟು ವಿಸ್ತಾರವಾಗಿದೆ. ಆದರೆ ಹಕ್ಕಿಗೆ ವಿಸ್ತಾರವಷ್ಟೇ ಸಾಲದು. ಉಲಿಯಕ್ಕಿಗೆ ಎಲೆಯ ಮೇಲೆ ಹುಳು ಬೇಕು, ಸಿಪಿಲೆಗೆ ಒದ್ದೆ ದಡ ಬೇಕು. ಕೀಟನಾಶಕ ಸಿಂಪಡಿಸಿ, ದಡಕ್ಕೆ ಕಾಂಕ್ರೀಟ್ ಹಾಕಿದರೆ ಮರಗಳು ಉಳಿದರೂ ಅತಿಥಿಗೆ ಊಟ ಸಿಗದು.

ಪ್ರತಿ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಪಕ್ಷಿ ವೀಕ್ಷಕರು ಸೇರುವ ಪರಿಪಾಠ ದಶಕಗಳಷ್ಟು ಹಳೆಯದು. ಇಂತಹ ಹವ್ಯಾಸಿಗಳ ಪಟ್ಟಿಗಳೇ ಇಂದು ವಿಜ್ಞಾನದ ಆಧಾರ. 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯು 30,000ಕ್ಕೂ ಹೆಚ್ಚು ವೀಕ್ಷಕರು ‘ಇ-ಬರ್ಡ್’ ಜಾಲತಾಣಕ್ಕೆ ನೀಡಿದ ಮಾಹಿತಿಯಿಂದ ಸಿದ್ಧವಾಯಿತು. ದೀರ್ಘಾವಧಿಯ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ ಎಂದು ಅದು ತಿಳಿಸಿತು.

ಆದ್ದರಿಂದ ಹೊಸಬರು ಅಪರೂಪದ ಹಕ್ಕಿಯನ್ನಷ್ಟೇ ಬರೆದುಕೊಂಡರೆ ಸಾಲದು. ದಿನಾಂಕ, ನಡೆದ ಅವಧಿ, ಕಾಗೆ–ಗೊರವಂಕ ಸೇರಿದಂತೆ ಗುರುತಿಸಿದ ಪ್ರತಿ ಹಕ್ಕಿಯೂ ಪಟ್ಟಿಯಲ್ಲಿರಬೇಕು. ಪಟ್ಟಿ ಪೂರ್ಣವಾಗಿದ್ದರೆ ಮಾತ್ರ ಅದರಲ್ಲಿಲ್ಲದ ಹೆಸರಿಗೂ ಅರ್ಥವಿರುತ್ತದೆ. ಸಿಪಿಲೆ ಕಾಣದ ಬೆಳಗು ನಿರಾಸೆ ತರಬಹುದು. ಅದನ್ನೂ ದಾಖಲಿಸಿದರೆ, ಹಕ್ಕಿ ತಡವಾಗಿ ಬಂದ ವರ್ಷ ಯಾವುದು, ವಿರಳವಾದದ್ದು ಯಾವಾಗಿನಿಂದ ಎಂಬುದು ಮುಂದೆ ತಿಳಿಯುತ್ತದೆ.