ಬೆನ್ನೆಲುಬಿನೊಳಗೊಂದು ಜ್ಯಾಕ್

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎತ್ತುವ ಹಮಾಲರು, ಮೇಡ್ಲೇರಿಯಲ್ಲಿ ಮಗ್ಗದ ಮುಂದೆ ಕುಳಿತು ಕಂಬಳಿ ನೇಯುವವರು, ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಹೆಣ್ಣುಮಕ್ಕಳು – ಇವರೆಲ್ಲರ ಬಾಯಲ್ಲೂ ಕೇಳಿಬರುವ ಮಾತು 'ಟೊಂಕ ಹಿಡದೈತಿ'. ಈ ನೋವಿನ ಹಿಂದೆ ನೀವು ಶಾಲೆಯಲ್ಲಿ ಕಲಿತ ಸನ್ನೆಯ ತತ್ತ್ವವಿದೆ. ನೋವು ಮಿತಿಮೀರಿದ ಕೆಲವರಿಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಅದೇ ಪಾಠದ ಇನ್ನೆರಡು ಸರಳ ಯಂತ್ರಗಳು ಕೆಲಸಕ್ಕೆ ಬರುತ್ತವೆ: ತಿರುಪು ಮತ್ತು ಬೆಣೆ.

ಮೊದಲು ಸನ್ನೆಯನ್ನು ನೋಡೋಣ. ನೀವು ಬಗ್ಗಿ 20 ಕೆ.ಜಿ. ಚೀಲ ಎತ್ತುತ್ತೀರಿ ಎನ್ನಿ. ಚೀಲ ಬೆನ್ನುಮೂಳೆಯಿಂದ 40 ಸೆಂ.ಮೀ. ಮುಂದಿದೆ. ಅದನ್ನು ಸರಿದೂಗಿಸುವ ಬೆನ್ನಿನ ಸ್ನಾಯುಗಳಾದರೋ ಸುಮಾರು 5 ಸೆಂ.ಮೀ. ಹಿಂದಿವೆ. ಆದ್ದರಿಂದ ಸ್ನಾಯುಗಳು 160 ಕೆ.ಜಿ. ತೂಕದಷ್ಟು ಬಲದಿಂದ ಎಳೆಯಬೇಕು. ಎರಡೂ ಸೇರಿ ಸೊಂಟದ ಡಿಸ್ಕಿನ ಮೇಲೆ ಸುಮಾರು 180 ಕೆ.ಜಿ. ಹೊರೆ! ಮೇಲ್ದೇಹದ ತೂಕವನ್ನು ಇನ್ನೂ ಸೇರಿಸಿಲ್ಲ. 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ಸ್ವಯಂಸೇವಕನೊಬ್ಬನ ಡಿಸ್ಕಿನೊಳಗೆ ಪುಟ್ಟ ಸಂವೇದಕವನ್ನಿಟ್ಟು ಒತ್ತಡವನ್ನು ಅಳೆದರು. ಮಲಗಿದಾಗ ಅದು ಸುಮಾರು 0.1 ಮೆಗಾಪಾಸ್ಕಲ್, ನಿಂತಾಗ 0.5, ಬೆನ್ನು ಬಾಗಿಸಿ 20 ಕೆ.ಜಿ. ಎತ್ತಿದಾಗ 2.3. ಅಂದರೆ ವಾಯುಮಂಡಲದ ಒತ್ತಡದ ಸುಮಾರು 23 ಪಟ್ಟು.

ಬಹುಪಾಲು ಬೆನ್ನುನೋವು ಔಷಧಿ ಮತ್ತು ವ್ಯಾಯಾಮದಿಂದಲೇ ಶಮನವಾಗುತ್ತದೆ. ಆದರೆ ಡಿಸ್ಕ್ ಸವೆದು ಕುಗ್ಗಿದಾಗ ಅಥವಾ ಒಂದು ಕಶೇರುಮಣಿ ಇನ್ನೊಂದರ ಮೇಲೆ ಜಾರಿದಾಗ, ನರ ಹೊರಬರುವ ಕಿಂಡಿ ಕಿರಿದಾಗಿ ಕಾಲಿನುದ್ದಕ್ಕೂ ನೋವು ಹರಿಯಬಹುದು. ಅಂಥ ಕೆಲವರಲ್ಲಿ ಡಿಸ್ಕನ್ನು ತೆಗೆದು, ಮೇಲಿನ ಮತ್ತು ಕೆಳಗಿನ ಕಶೇರುಮಣಿಗಳು ಒಂದೇ ಮೂಳೆಯಾಗಿ ಬೆಸೆದುಕೊಳ್ಳುವಂತೆ ಮಾಡುತ್ತಾರೆ. ಕಶೇರುಮಣಿಗಳನ್ನು ಬೆಸೆಯುವ ಈ ಚಿಕಿತ್ಸೆ 1911ರಷ್ಟು ಹಳೆಯದು. ಆಗ ನ್ಯೂಯಾರ್ಕಿನಲ್ಲಿ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು ಬೆನ್ನುಮೂಳೆಯ ಕ್ಷಯಕ್ಕೆ ಇದನ್ನು ಬೇರೆ ಬೇರೆಯಾಗಿ ಬಳಸಿದರು.

ಡಿಸ್ಕ್ ತೆಗೆದ ಜಾಗದಲ್ಲಿ ಬರೀ ಮೂಳೆಚೂರುಗಳನ್ನಿಟ್ಟರೆ ಅವು ಹೊರೆ ತಾಳದೆ ಕುಸಿಯಬಹುದು. ಅಮೆರಿಕದ ಬ್ಯಾಗ್ಬಿ ಎಂಬ ವೈದ್ಯ ತೂತುಗಳುಳ್ಳ ಉಕ್ಕಿನ ಬುಟ್ಟಿಯಲ್ಲಿ ಮೂಳೆಚೂರು ತುಂಬಿ ಇಡುವ ಉಪಾಯ ಹುಡುಕಿದ. ಅದರ ಮೊದಲ ಫಲಾನುಭವಿಗಳು ಕುತ್ತಿಗೆಯ ಮೂಳೆ ರೋಗದಿಂದ ತೂರಾಡುತ್ತಿದ್ದ ಕುದುರೆಗಳು! 1996ರಲ್ಲಿ ಮನುಷ್ಯರ ಸೊಂಟಕ್ಕೆ ಇಂಥ ಪಂಜರಗಳನ್ನು ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದರೆ ಈ ಪಂಜರದ ಎತ್ತರ ಸ್ಥಿರ. 12 ಮಿ.ಮೀ. ಪಂಜರವನ್ನು ನರಗಳ ಪಕ್ಕದ ಇಕ್ಕಟ್ಟಿನಲ್ಲಿ ಬಡಿದು ಕೂರಿಸುವಾಗ ನರ ಎಳೆದಂತಾಗಬಹುದು, ಮೂಳೆಯ ಮೇಲ್ಪದರ ಒಡೆಯಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಹಿಗ್ಗುವ ಪಂಜರ. 8 ಮಿ.ಮೀ. ಎತ್ತರದಲ್ಲಿ ಒಳಗೆ ಹೋಗಿ, ಅಲ್ಲಿ 12 ಮಿ.ಮೀ.ಗೆ ಏರುತ್ತದೆ. ಕೆಲವು ವಿನ್ಯಾಸಗಳಲ್ಲಿ ಮುಂಭಾಗ ಹೆಚ್ಚು ಏರಿ, ಸೊಂಟದ ಸಹಜ ಬಾಗನ್ನು ಮರಳಿ ತರುತ್ತದೆ.

ಒಳಗಿನ ಯಂತ್ರ ಕಾರಿನ ಜ್ಯಾಕಿನ ತಮ್ಮ. ತಿರುಪನ್ನು ತಿರುಗಿಸಿದರೆ ಬೆಣೆ ಮುಂದೆ ಸರಿದು ಮೇಲಿನ ತಟ್ಟೆಯನ್ನು ಎತ್ತುತ್ತದೆ. ಉದಾಹರಣೆಗೆ, ತಿರುಪಿನ ಎರಡು ಎಳೆಗಳ ನಡುವಿನ ದೂರ 0.5 ಮಿ.ಮೀ. ಇರಲಿ, ಬೆಣೆ 2 ಮಿ.ಮೀ. ಸರಿದರೆ ತಟ್ಟೆ 1 ಮಿ.ಮೀ. ಏರಲಿ. ಆಗ ಒಂದು ಸುತ್ತಿಗೆ ಏರಿಕೆ ಕೇವಲ 0.25 ಮಿ.ಮೀ. 4 ಮಿ.ಮೀ. ಏರಿಸಲು 16 ಸುತ್ತು ಬೇಕು. ಹೀಗೆ ನಿಧಾನವಾಗಿ, ಅಳೆದಂತೆ ಎತ್ತುವುದೇ ಇದರ ಗುಣ. ಎಳೆಗಳ ಇಳಿಜಾರು ತೀರ ಕಡಿಮೆಯಾದ್ದರಿಂದ ಘರ್ಷಣೆಯೇ ಬೀಗದಂತೆ ಕೆಲಸ ಮಾಡುತ್ತದೆ. ಮೇಲಿನ ಹೊರೆಗೆ ತಿರುಪು ತಾನಾಗಿ ಹಿಂದಕ್ಕೆ ತಿರುಗದು.

ಈಗ ಇದರ ಇನ್ನೊಂದು ಮುಖವನ್ನು ಗಮನಿಸಿ. 10 ಸೆಂ.ಮೀ. ಉದ್ದದ ಹಿಡಿಯ ತುದಿಗೆ 1 ಕೆ.ಜಿ. ತೂಗುಹಾಕಿದರೆ ತಿರುಚುವ ಪರಿಣಾಮ ಸುಮಾರು 1 ನ್ಯೂಟನ್ ಮೀಟರ್. ಬೆರಳುಗಳಿಗೆ ಇದು ದೊಡ್ಡ ಶ್ರಮವಲ್ಲ. ಒಂದು ಸುತ್ತಿಗೆ ಆಗುವ ಕೆಲಸ ಅದರ 2π ಪಟ್ಟು, ಅಂದರೆ 6.28 ಜೂಲ್. ಇದನ್ನು 0.25 ಮಿ.ಮೀ.ನಿಂದ ಭಾಗಿಸಿದರೆ ಎತ್ತುವ ಬಲ ಸುಮಾರು 25,000 ನ್ಯೂಟನ್! ಘರ್ಷಣೆ ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗಿದರೂ 2,500 ನ್ಯೂಟನ್ ಉಳಿಯುತ್ತದೆ. ಪಂಜರದ ತಟ್ಟೆ 25 ಮಿ.ಮೀ. ಉದ್ದ, 10 ಮಿ.ಮೀ. ಅಗಲವಿದ್ದರೆ ಮೂಳೆಯ ಮೇಲಿನ ಒತ್ತಡ 10 ಮೆಗಾಪಾಸ್ಕಲ್. ಕಶೇರುಮಣಿಯ ಒಳಗಿನ ಸ್ಪಂಜಿನಂಥ ಮೂಳೆ ಕೆಲವೇ ಮೆಗಾಪಾಸ್ಕಲ್‌ಗಳಲ್ಲಿ ಕುಸಿಯಬಲ್ಲದು. ಸುಣ್ಣದ ಅಂಶ ಕರಗಿದ ವಯಸ್ಸಾದವರ ಮೂಳೆಯಂತೂ ಇನ್ನೂ ಬೇಗ.

ಹೀಗಾಗಿ ವಿನ್ಯಾಸಕಾರನ ಮುಂದಿರುವ ಪ್ರಶ್ನೆ 'ಎಷ್ಟು ಬಲ ಕೊಡಬಹುದು' ಎಂಬುದಲ್ಲ, 'ಎಲ್ಲಿ ನಿಲ್ಲಿಸಬೇಕು' ಎಂಬುದು. ತಿರುಪು, ಬೆಣೆ ಸುಲಭಕ್ಕೆ ಮುರಿಯವು, ಮುರಿಯುವುದು ಮೂಳೆ. ಆದ್ದರಿಂದಲೇ ನಿಗದಿತ ಮಿತಿ ಮುಟ್ಟಿದೊಡನೆ ಜಾರಿಬಿಡುವ ಹಿಡಿಗಳನ್ನು ಅನೇಕ ಸಲಕರಣೆಗಳೊಂದಿಗೆ ಕೊಡುತ್ತಾರೆ. ತಟ್ಟೆಯ ವಿಸ್ತೀರ್ಣ ಹೆಚ್ಚಿಸಿದರೆ ಒತ್ತಡ ತಗ್ಗುತ್ತದೆ. ಆದರೆ ಪಂಜರ ಕಿರುದಾರಿಯಲ್ಲಿ ತೂರಬೇಕಲ್ಲ! ಯಂತ್ರಭಾಗ ಒಳಗೆ ಜಾಗ ಹಿಡಿದಷ್ಟೂ ಮೂಳೆಚೂರಿಗೆ ಸ್ಥಳ ಕಡಿಮೆ. ಕೊನೆಗೆ ಹೊರೆ ಹೊರಬೇಕಾದದ್ದು ತಿಂಗಳುಗಟ್ಟಲೆ ಬೆಳೆದು ಬೆಸೆದುಕೊಳ್ಳುವ ಮೂಳೆಯೇ. ಪಂಜರವೇನಿದ್ದರೂ ಅಲ್ಲಿಯವರೆಗಿನ ಊರುಗೋಲು.

ಹಿಗ್ಗುವ ಪಂಜರ ಹೊಸದು ಮತ್ತು ದುಬಾರಿ ಎಂದ ಮಾತ್ರಕ್ಕೆ ಎಲ್ಲರಿಗೂ ಮೇಲಲ್ಲ. ಸ್ಥಿರ ಪಂಜರಕ್ಕಿಂತ ಅದು ರೋಗಿಯ ನೋವನ್ನು ಖಚಿತವಾಗಿ ಹೆಚ್ಚು ತಗ್ಗಿಸುತ್ತದೆ ಎಂಬುದರಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಸೂಚಿಸಿದರೆ, ಮೂಳೆಯ ಸಾಂದ್ರತೆ ಅಳೆದಿದ್ದಾರೆಯೇ, ತಮ್ಮ ಸ್ಥಿತಿಗೆ ಇದರಿಂದ ಯಾವ ವಿಶೇಷ ಲಾಭ ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು.

ಶಿಕ್ಷಕರಿಗೊಂದು ಸಲಹೆ. ಸರಳ ಯಂತ್ರಗಳ ಪಾಠದ ದಿನ ಶಾಲೆಗೆ ಒಂದು ಹಳೆಯ ತಿರುಪು ಜ್ಯಾಕ್ ತನ್ನಿ. ಹಿಡಿಯ ಉದ್ದವನ್ನೂ ಒಂದು ಸುತ್ತಿಗೆ ಆಗುವ ಏರಿಕೆಯನ್ನೂ ಮಕ್ಕಳೇ ಅಳೆಯಲಿ. ಅದರ ಕೆಳಗೆ ಒಮ್ಮೆ ಕಲ್ಲು, ಇನ್ನೊಮ್ಮೆ ಮೆದು ಮಣ್ಣು ಇರುವಂತೆ ಇಟ್ಟು ಭಾರ ಎತ್ತಿಸಿ. ಬಲವನ್ನು ಗುಣಿಸುವುದು ಯಂತ್ರದ ಕೆಲಸ. ಅದನ್ನು ತಾಳುವುದು ನೆಲದ ಕೆಲಸ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.